ಇರುಳ ಕಣ್ಣು ಯಾರಿಗಾಗಿ? ಬೇಟೆಗಲ್ಲ, ಕಾವಲಿಗೆ

ಮೈಸೂರು: ಒಂದು ಕಾಲದಲ್ಲಿ ಸೇನೆಯ ಉಗ್ರಾಣದಲ್ಲಷ್ಟೇ ಇದ್ದ ಕತ್ತಲಲ್ಲಿ ಕಾಣುವ ದುರ್ಬೀನು ಇಂದು ಆನ್‌ಲೈನ್ ಮಾರುಕಟ್ಟೆಯಲ್ಲಿ ಸುಲಭವಾಗಿ ದೊರೆಯುತ್ತಿದೆ. 'ನೈಟ್ ವಿಷನ್', 'ಥರ್ಮಲ್' ಎಂಬ ಹೆಸರಿನ ಈ ಉಪಕರಣಗಳ ಜಾಹೀರಾತುಗಳಲ್ಲಿ ಬೇಟೆಯ ಚಿತ್ರಗಳೇ ಹೆಚ್ಚು. ರಾತ್ರಿ ಬೇಟೆಗೆ ಪರವಾನಗಿ ನೀಡುವ ದೇಶಗಳ ಗ್ರಾಹಕರನ್ನು ಮನಸ್ಸಿನಲ್ಲಿಟ್ಟುಕೊಂಡು ಸಿದ್ಧವಾದ ಈ ಜಾಹೀರಾತುಗಳು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ತಾಲ್ಲೂಕುಗಳ ಮೊಬೈಲ್ ಪರದೆಗಳಿಗೂ ಬಂದು ತಲುಪಿವೆ.

ಕಡಿಮೆ ಬೆಲೆಗೆ ಯಾವುದನ್ನು ಕೊಳ್ಳಬಹುದು ಎಂಬ ಪ್ರಶ್ನೆಗೆ ಈ ನಾಲ್ಕು ತಾಲ್ಲೂಕುಗಳಲ್ಲಿ ಎರಡು ಉತ್ತರಗಳಿವೆ. ಬೇಟೆಗಾದರೆ ಯಾವುದೂ ಬೇಡ, ಅದು ಅಪರಾಧ. ಬೆಳೆ ಕಾಯುವುದಕ್ಕಾದರೆ ಪ್ರಶ್ನೆ ನ್ಯಾಯವಾದದ್ದು, ಉತ್ತರವನ್ನು ಎಚ್ಚರದಿಂದ ಹುಡುಕಬೇಕು. ಈ ಎರಡರ ನಡುವಿನ ಗೆರೆ ಕಾನೂನಿನ ಪುಸ್ತಕದಲ್ಲಿ ಮಾತ್ರವಲ್ಲ, ಉಪಕರಣದ ಒಳಗೇ ಇದೆ.

ನಾಲ್ಕು ತಾಲ್ಲೂಕುಗಳ ಇರುಳು

ಒಂದು ಕಾಲಕ್ಕೆ ಮೈಸೂರು ಅರಸರ ಬೇಟೆಯ ಕಾಡಾಗಿದ್ದ ನಾಗರಹೊಳೆ ಇಂದು 643 ಚದರ ಕಿ.ಮೀ. ತಿರುಳು (ಕೋರ್) ವಲಯವುಳ್ಳ ಹುಲಿ ಸಂರಕ್ಷಿತ ಪ್ರದೇಶ. 2022ರ ಗಣತಿಯಂತೆ ಇಲ್ಲಿರುವ ಹುಲಿಗಳ ಸಂಖ್ಯೆ 141. ಇದರ ಆಡಳಿತ ಕಚೇರಿ ಇರುವುದು ಹುಣಸೂರಿನಲ್ಲಿ. ವೀರನಹೊಸಹಳ್ಳಿ, ಮೇಟಿಕುಪ್ಪೆ, ಅಂತರಸಂತೆ, ಡಿ.ಬಿ.ಕುಪ್ಪೆ, ಆನೆಚೌಕೂರು ವಲಯಗಳ ಅಂಚಿನಲ್ಲಿ ಕಾಡು ಮುಗಿದ ಕಡೆಯೇ ಹೊಲ ಆರಂಭವಾಗುತ್ತದೆ. ರಾಗಿ, ಮುಸುಕಿನ ಜೋಳ, ಶುಂಠಿ, ಬಾಳೆ ಇಲ್ಲಿನ ಬೆಳೆಗಳು. ಆನೆಗೂ ಕಾಡುಹಂದಿಗೂ ಇದು ಹಾಸಿಟ್ಟ ಎಲೆಯೂಟ.

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ.ಕೋಟೆಗಳಲ್ಲಿ ಹೊಗೆಸೊಪ್ಪು ಪ್ರಧಾನ ವಾಣಿಜ್ಯ ಬೆಳೆ. ಸೊಪ್ಪು ಹದಗೊಳಿಸುವ ತಿಂಗಳುಗಳಲ್ಲಿ ಬ್ಯಾರನ್‌ನ ಬೆಂಕಿ ಆರದಂತೆ, ಉಷ್ಣತೆ ಏರುಪೇರಾಗದಂತೆ ರಾತ್ರಿಯಿಡೀ ಒಬ್ಬರು ಎಚ್ಚರವಿರಲೇಬೇಕು. ಪಂಪ್‌ಸೆಟ್‌ಗೆ ರಾತ್ರಿ ವಿದ್ಯುತ್ ಬಂದರೆ ನೀರು ಹಾಯಿಸಲು ಇನ್ನೊಬ್ಬರು ಹೊರಡಬೇಕು. ಕೆ.ಆರ್.ನಗರದಲ್ಲಿ ದಟ್ಟ ಕಾಡಿಲ್ಲ. ಆದರೆ ಕಾವೇರಿ ನಾಲೆಯ ಕಬ್ಬಿನ ಗದ್ದೆಗಳು ಚಿರತೆಗೂ ಹಂದಿಗೂ ಅಡಗುದಾಣ. ಹೀಗೆ ಇರುಳಿನಲ್ಲಿ ಹೊರಗಿರುವುದು ಇಲ್ಲಿನ ರೈತನಿಗೆ ಹವ್ಯಾಸವಲ್ಲ, ದುಡಿಮೆಯ ಭಾಗ.

2025ರ ಅಕ್ಟೋಬರ್–ನವೆಂಬರ್‌ನಲ್ಲಿ ಸರಗೂರು ಭಾಗದಲ್ಲಿ ಹುಲಿ ದಾಳಿಗೆ ರೈತರು ಬಲಿಯಾದ ಬಳಿಕ ಸರ್ಕಾರ ನಾಗರಹೊಳೆ ಮತ್ತು ಬಂಡೀಪುರದ ಸಫಾರಿಯನ್ನು ಸ್ಥಗಿತಗೊಳಿಸಿ, ಸಿಬ್ಬಂದಿಯನ್ನು ಹುಲಿ ಸೆರೆ ಕಾರ್ಯಾಚರಣೆಗೆ ನಿಯೋಜಿಸಿತು. ಸಾಕಾನೆಗಳ ಜತೆಗೆ ಥರ್ಮಲ್ ಡ್ರೋನ್‌ಗಳೂ ಹುಡುಕಾಟಕ್ಕೆ ಇಳಿದವು. ಕತ್ತಲಲ್ಲಿ ಕಾಣುವ ಯಂತ್ರದ ಬಗ್ಗೆ ಹಳ್ಳಿಗಳಲ್ಲಿ ಕುತೂಹಲ ಮೂಡಿದ್ದರೆ ಅದರಲ್ಲಿ ಅಚ್ಚರಿಯಿಲ್ಲ.

ಕಾನೂನು ಹೇಳುವುದೇನು?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆರಂಭದಲ್ಲಿ ಪರವಾನಗಿ ಪಡೆದ ಬೇಟೆಗೆ ಅವಕಾಶವಿತ್ತಿತ್ತು. ಆದರೆ ಆಗಲೂ ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಬೇಟೆಯಾಡುವುದನ್ನೂ, ಬೇಟೆಗೆ ಕೃತಕ ಬೆಳಕು ಬಳಸುವುದನ್ನೂ ಅದು ನಿರ್ಬಂಧಿಸಿತ್ತು. ಹಿಡಿದ ಬೇಟೆಯ ಬಳಿಗೆ ಮರಳುವ ಮಾಂಸಾಹಾರಿ ಪ್ರಾಣಿಯ ವಿಷಯದಲ್ಲಿ, ವಿಶೇಷ ಅನುಮತಿಯಿದ್ದರೆ ಮಾತ್ರ ವಿನಾಯಿತಿ. 1991ರ ತಿದ್ದುಪಡಿಯಲ್ಲಿ ಬೇಟೆ ಪರವಾನಗಿಯ ವ್ಯವಸ್ಥೆಯೇ ರದ್ದಾಯಿತು. ಅಂದರೆ ಬೇಟೆ ಕಾನೂನುಬದ್ಧವಾಗಿದ್ದ ದಿನಗಳಲ್ಲೂ ರಾತ್ರಿ ಬೇಟೆ ಸಾಮಾನ್ಯರ ಹಕ್ಕಾಗಿರಲಿಲ್ಲ.

ಕಾಯ್ದೆಯ ಪ್ರಕಾರ ಕೊಲ್ಲುವುದು ಮಾತ್ರ ಬೇಟೆಯಲ್ಲ. ಹಿಡಿಯುವುದು, ವಿಷವಿಡುವುದು, ಉರುಳು ಹಾಕುವುದು, ಅದಕ್ಕಾಗಿ ಪ್ರಾಣಿಯನ್ನು ಅಟ್ಟುವುದು, ಇವುಗಳ ಪ್ರಯತ್ನ ಕೂಡ ಬೇಟೆಯೇ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಸಾಮಾನ್ಯ ಉಲ್ಲಂಘನೆಗೆ 3 ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ವಿಧಿಸಬಹುದು. ಮೊದಲ ಅನುಸೂಚಿಯ ಪ್ರಾಣಿಯನ್ನು ಕೊಂದರೆ ಅಥವಾ ರಾಷ್ಟ್ರೀಯ ಉದ್ಯಾನದೊಳಗೆ ಬೇಟೆಯಾಡಿದರೆ ಕನಿಷ್ಠ 3, ಗರಿಷ್ಠ 7 ವರ್ಷ ಜೈಲು. ಕೃತ್ಯಕ್ಕೆ ಬಳಸಿ ಜಪ್ತಿಯಾದ ವಾಹನ, ಆಯುಧ, ಸಲಕರಣೆ ಸರ್ಕಾರದ ಸ್ವತ್ತಾಗುತ್ತದೆ. ಬೇಟೆಯ ದುರ್ಬೀನು ಅಗ್ಗದ್ದೇ ಇರಲಿ, ದುಬಾರಿಯದೇ ಇರಲಿ, ಅದರ ಗತಿಯೂ ಅದೇ.

ಹಾಗಾದರೆ ಬೆಳೆ ಹಾಳುಮಾಡುವ ಹಂದಿಯ ವಿರುದ್ಧ ರೈತನಿಗೆ ದಾರಿಯೇ ಇಲ್ಲವೇ? ಇದೆ. ಕಾಡುಹಂದಿ ಈಗ ಎರಡನೇ ಅನುಸೂಚಿಯಲ್ಲಿದೆ. ಮೊದಲ ಅನುಸೂಚಿಗೆ ಸೇರದ ಪ್ರಾಣಿಯಿಂದ ಜೀವಕ್ಕೆ ಅಥವಾ ನಿಂತ ಬೆಳೆಗೆ ಅಪಾಯವಿದೆ ಎಂದು ಮನವರಿಕೆಯಾದರೆ, ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿ 11ನೇ ಕಲಮಿನಡಿ ಲಿಖಿತ ಅನುಮತಿ ನೀಡಬಹುದು. ನೆರೆಯ ಕೇರಳ 2022ರಲ್ಲಿ ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೇ ಹಂದಿಯ ವಿಷಯದಲ್ಲಿ ಈ ಅಧಿಕಾರ ಹಂಚಿತು. ಆನೆ, ಹುಲಿ, ಚಿರತೆಗಳ ಮಾತು ಬೇರೆ. ಅವು ಮೊದಲ ಅನುಸೂಚಿಯಲ್ಲಿರುವುದರಿಂದ ಬೆಳೆಹಾನಿ ಅನುಮತಿಗೆ ಕಾರಣವಾಗುವುದಿಲ್ಲ.

ಬಂದೂಕಿನ ಪರವಾನಗಿಯನ್ನೂ ಬೇಟೆಯ ಪರವಾನಗಿಯೆಂದು ಭಾವಿಸುವವರಿದ್ದಾರೆ. ಬೆಳೆ ರಕ್ಷಣೆಗೆ ಕೋವಿ ಇಟ್ಟುಕೊಳ್ಳುವುದು ಶಸ್ತ್ರಾಸ್ತ್ರ ಕಾಯ್ದೆಯ ವಿಷಯ. ಅದರಿಂದ ಪ್ರಾಣಿಯನ್ನು ಹೊಡೆಯುವುದು ವನ್ಯಜೀವಿ ಕಾಯ್ದೆಯ ವಿಷಯ. ಅಭಯಾರಣ್ಯ ಅಥವಾ ರಾಷ್ಟ್ರೀಯ ಉದ್ಯಾನದ 10 ಕಿ.ಮೀ. ಒಳಗಿನ ನಿವಾಸಿಗಳು ತಮ್ಮ ಪರವಾನಗಿಯ ಆಯುಧವನ್ನು ಅರಣ್ಯ ಇಲಾಖೆಯಲ್ಲಿಯೂ ನೋಂದಾಯಿಸಬೇಕೆಂಬ ನಿಯಮವಿದೆ. ಪಕ್ಕದ ಕೊಡಗಿನಲ್ಲಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ 2029ರವರೆಗೆ ಇರುವ ವಿನಾಯಿತಿಯೂ ಕೋವಿ ಪರವಾನಗಿಗೆ ಸಂಬಂಧಿಸಿದ್ದು, ಬೇಟೆಗಲ್ಲ.

ಮೂರು ಬಗೆಯ ಕಣ್ಣು

ಮಾರುಕಟ್ಟೆಯಲ್ಲಿರುವ ಇರುಳ ದುರ್ಬೀನುಗಳಲ್ಲಿ ಮೂರು ಬಗೆ. ಮೊದಲನೆಯದು ನಕ್ಷತ್ರ, ಚಂದ್ರರ ಕ್ಷೀಣ ಬೆಳಕನ್ನು ಹಲವು ಸಾವಿರ ಪಟ್ಟು ಹಿಗ್ಗಿಸಿ ಹಸಿರು ಚಿತ್ರ ಮೂಡಿಸುವ ಕೊಳವೆಯದು. ಸೇನೆಗಳು ಬಳಸುವುದು ಇದರ ಉತ್ತಮ ತಲೆಮಾರುಗಳನ್ನು. ರೈತನ ಕೈಗೆ ಎಟಕುವ ಬೆಲೆ ಅದರದಲ್ಲ.

ಎರಡನೆಯದು ಡಿಜಿಟಲ್. ಸಾಧಾರಣ ಕ್ಯಾಮೆರಾಕ್ಕೆ ಅವಕೆಂಪು ದೀಪ ಜೋಡಿಸಿದಂತೆ ಇದರ ರಚನೆ. ಕೆಲವೇ ಸಾವಿರ ರೂಪಾಯಿಯಿಂದ ಸಿಗುವುದು ಇದೇ. 850 ನ್ಯಾನೋಮೀಟರ್ ದೀಪ ಹೆಚ್ಚು ದೂರ ತಲುಪುತ್ತದೆ, ಆದರೆ ಮಂದ ಕೆಂಪಾಗಿ ಹೊಳೆಯುತ್ತದೆ. 940ರ ದೀಪ ಕಣ್ಣಿಗೆ ಕಾಣದು, ದೂರವೂ ಕಡಿಮೆ. ಮಂಜು ಕವಿದಾಗ ಕಾರಿನ ಹೆಡ್‌ಲೈಟ್ ಕಣ್ಣಿಗೇ ರಾಚುವಂತೆ ಇಲ್ಲಿಯೂ ಬೆಳಕು ಹಿಂದಿರುಗಿ ಚಿತ್ರ ಬಿಳುಚಿಕೊಳ್ಳುತ್ತದೆ.

ಮೂರನೆಯದು ಥರ್ಮಲ್. ಇದಕ್ಕೆ ಬೆಳಕೇ ಬೇಡ. ದೇಹದ ಶಾಖವನ್ನೇ ಚಿತ್ರವಾಗಿಸುತ್ತದೆ. ಬೆಲೆ ಹತ್ತಾರು ಸಾವಿರದಿಂದ ಲಕ್ಷಗಳವರೆಗೆ. ತೆರೆದ ಹೊಲದಲ್ಲಿ ಇದಕ್ಕೆ ಸರಿಸಾಟಿಯಿಲ್ಲ. ಆದರೆ ಲಂಟಾನದ ಪೊದೆ, ಕಬ್ಬಿನ ಗದ್ದೆ, ಕಿಟಕಿಯ ಗಾಜು ಯಾವುದರಾಚೆಗೂ ಇದು ನೋಡಲಾರದು. ಹಗಲಿನ ಬಿಸಿಲಿಗೆ ಕಾದ ಬಂಡೆ ಮುಸ್ಸಂಜೆಯಲ್ಲಿ ಪ್ರಾಣಿಯಂತೆಯೇ ಹೊಳೆಯಬಹುದು. ಸುರಿವ ಮಳೆಯಲ್ಲಿ ಚಿತ್ರ ಮಸುಕಾಗುತ್ತದೆ.

ಇವೆಲ್ಲಕ್ಕೂ ಮೊದಲು ರೈತನ ಕೈಯಲ್ಲಿರುವ 'ಬ್ಯಾಟರಿ', ಅಂದರೆ ಟಾರ್ಚ್, ಒಂದಿದೆ. ಜಿಂಕೆ, ಚಿರತೆಗಳ ಕಣ್ಣು ಅದರ ಬೆಳಕಿಗೆ ಥಳಥಳಿಸುತ್ತದೆ. ಆದರೆ ಹಂದಿಯ ಕಣ್ಣಿನೊಳಗೆ ಬೆಳಕನ್ನು ಹಿಂದಿರುಗಿಸುವ ಪದರವಿಲ್ಲ, ಮನುಷ್ಯನ ಕಣ್ಣಿನಂತೆಯೇ. ಟಾರ್ಚ್ ಹಾಯಿಸಿದರೂ ಹಂದಿ ತಪ್ಪಿಸಿಕೊಳ್ಳಲು ಇದೂ ಒಂದು ಕಾರಣ.

ಚುಕ್ಕಿಯ ಲೆಕ್ಕಾಚಾರ

ಕಡಿಮೆ ಬೆಲೆಯ ಥರ್ಮಲ್ ಉಪಕರಣದ ಪೆಟ್ಟಿಗೆಯ ಮೇಲೆ 'ಪತ್ತೆ ದೂರ 750 ಮೀಟರ್' ಎಂದು ಮುದ್ರಿಸಿದ್ದರೆ ಅದು ಸುಳ್ಳಲ್ಲ, ಪೂರ್ತಿ ಸತ್ಯವೂ ಅಲ್ಲ. 256×192 ಚುಕ್ಕಿಗಳ ಸಂವೇದಕ, 12 ಮೈಕ್ರಾನ್ ಅಳತೆಯ ಚುಕ್ಕಿ, 10 ಮಿ.ಮೀ. ಮಸೂರವುಳ್ಳ ಉಪಕರಣವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. 100 ಮೀಟರ್ ದೂರದಲ್ಲಿ ಅದರ ಒಂದು ಚುಕ್ಕಿ 12 ಸೆಂ.ಮೀ. ಜಾಗಕ್ಕೆ ಸಮ. 750 ಮೀಟರಿನಲ್ಲಿ 90 ಸೆಂ.ಮೀ.ಗೆ ಸಮ. ಅಂದರೆ ಆರಡಿ ಮನುಷ್ಯ ಅಷ್ಟು ದೂರದಲ್ಲಿ ಎತ್ತರಕ್ಕೆ ಎರಡೇ ಚುಕ್ಕಿ. ಏನೋ ಇದೆ ಎಂದು ತಿಳಿಯಲು ಅಷ್ಟು ಸಾಕು. ಏನದು ಎಂದು ತಿಳಿಯಲು ಸಾಲದು.

ಅಮೆರಿಕದ ಜಾನ್ ಜಾನ್ಸನ್ 1950ರ ದಶಕದಲ್ಲಿ ಸೇನೆಗಾಗಿ ರೂಪಿಸಿದ ಮಾನದಂಡವನ್ನು ಇಂದಿಗೂ ಈ ಉದ್ಯಮ ಅನುಸರಿಸುತ್ತದೆ. ಅದರಂತೆ ಇರುವಿಕೆ ಪತ್ತೆಗೆ ಸುಮಾರು ಎರಡು ಚುಕ್ಕಿ, ಯಾವ ಬಗೆಯ ವಸ್ತುವೆಂದು ಅರಿಯಲು ಸುಮಾರು ಎಂಟು, ಖಚಿತ ಗುರುತಿಗೆ ಹನ್ನೆರಡು–ಹದಿಮೂರು ಚುಕ್ಕಿ ಬೇಕು. ಮುಕ್ಕಾಲು ಮೀಟರ್ ಎತ್ತರದ ಕಾಡುಹಂದಿ 100 ಮೀಟರ್ ದೂರದಲ್ಲಿ ಆರು ಚುಕ್ಕಿ. ಕುಕ್ಕರಗಾಲಿನಲ್ಲಿ ಕುಳಿತ ಮನುಷ್ಯನೂ ಹೆಚ್ಚುಕಡಿಮೆ ಅಷ್ಟೇ. ನೀರು ತಿರುಗಿಸಲು ಬಗ್ಗಿದ ಪಕ್ಕದ ಹೊಲದವನೂ ಅಷ್ಟೇ, ಅವನ ನಾಯಿಯೂ ಹೆಚ್ಚು ಬೇರೆಯಲ್ಲ.

ಇಡೀ ವಿಷಯದ ತಿರುಳು ಇಲ್ಲಿದೆ. ಕಾವಲಿಗೆ 'ಏನೋ ಬಂದಿದೆ' ಎಂಬ ಸುಳಿವು ಸಾಕು. ತಮಟೆ ಬಡಿಯಬಹುದು, ಕೂಗಬಹುದು, ಅಟ್ಟಣೆಯಿಂದ ಇಳಿಯದೆ ಇರಬಹುದು, ಇಲಾಖೆಗೆ ಕರೆ ಮಾಡಬಹುದು. ಗುಂಡು ಹಾರಿಸಲು 'ಇದು ಇದೇ' ಎಂಬ ಖಾತ್ರಿ ಬೇಕು. ಅಗ್ಗದ ಉಪಕರಣ ಮೊದಲನೆಯದನ್ನು ಚೆನ್ನಾಗಿ ಕೊಡುತ್ತದೆ, ಎರಡನೆಯದನ್ನು ಕೊಡುವುದಿಲ್ಲ. ಬ್ಯಾರನ್ ಕಾಯುವವರು, ನೀರು ಹಾಯಿಸುವವರು, ಗಸ್ತು ತಿರುಗುವ ಅರಣ್ಯ ವೀಕ್ಷಕರು ಒಂದೇ ಕತ್ತಲಲ್ಲಿ ಓಡಾಡುವ ಸೀಮೆಯಲ್ಲಿ ಚುಕ್ಕಿಗೆ ಗುರಿಯಿಡುವುದು ಕೊಲೆಗೆ ಆಹ್ವಾನ.

ಕಾಸಿಗೆ ತಕ್ಕ ಕಾವಲು

ಕಾವಲಿಗೆಂದೇ ಕೊಳ್ಳುವವರು ಗಮನಿಸಬೇಕಾದ್ದು ಮೂರೇ ಅಂಶ. ಪೆಟ್ಟಿಗೆಯ ಮೇಲಿನ 'ಪತ್ತೆ ದೂರ'ಕ್ಕೆ ಮರುಳಾಗದೆ ಸಂವೇದಕದ ಚುಕ್ಕಿ ಮತ್ತು ಮಸೂರದ ಅಳತೆಯನ್ನು ಕೇಳಬೇಕು. ಒಂದಿಡೀ ರಾತ್ರಿ ಬಾಳುವ ಅಥವಾ ಬದಲಿಸಬಹುದಾದ ಬ್ಯಾಟರಿ ಇರಬೇಕು. ಮಳೆ, ಇಬ್ಬನಿ ತಾಳುವ ಹೊರಕವಚ ಇರಬೇಕು. ಕೈಯಲ್ಲಿ ಹಿಡಿದು ನೋಡುವ ಉಪಕರಣವೇ ಸಾಕು. ಕೋವಿಗೆ ಜೋಡಿಸುವ ಬಗೆಯದಕ್ಕೆ ಕಾವಲಿನಲ್ಲಿ ಕೆಲಸವಿಲ್ಲ. ಅಂಥದ್ದರೊಂದಿಗೆ ಕಾಡಂಚಿನಲ್ಲಿ ಸಿಕ್ಕಿಬಿದ್ದವರು ಬೆಳೆ ಕಾಯುತ್ತಿದ್ದೆವೆಂದರೆ ನಂಬಿಸುವುದು ಸುಲಭವಲ್ಲ.

ಒಬ್ಬ ಸಣ್ಣ ರೈತ ಒಂದು ಹಂಗಾಮಿನ ಲಾಭವನ್ನು ಥರ್ಮಲ್ ದುರ್ಬೀನಿಗೆ ಸುರಿಯುವುದು ವಿವೇಕವೂ ಅಲ್ಲ. ಹತ್ತಾರು ಹೊಲಗಳ ನಡುವಿನ ಅಟ್ಟಣೆಗೆ ಒಂದು ಉಪಕರಣ, ಸರದಿಯ ಕಾವಲು, ಉಳಿದವರಿಗೆ ಮೊಬೈಲ್ ಸಂದೇಶ ಎಂಬ ವ್ಯವಸ್ಥೆ ಹಾಲಿನ ಸಂಘ ನಡೆಸಬಲ್ಲ ಊರಿಗೆ ಕಷ್ಟವೇನಲ್ಲ. ಚಲನೆ ಕಂಡೊಡನೆ ಉರಿಯುವ ಸೌರ ದೀಪ, ಸದ್ದು ಮಾಡುವ ಗಂಟೆ ಇನ್ನೂ ಅಗ್ಗ. ಆದರೆ ಆನೆ, ಹಂದಿಗಳು ಒಂದೇ ಉಪಾಯಕ್ಕೆ ಬೇಗ ಒಗ್ಗಿಕೊಳ್ಳುವುದರಿಂದ ಆಗಾಗ್ಗೆ ಬದಲಿಸುತ್ತಿರಬೇಕು.

ಸರ್ಕಾರದ ಪಾಲು

ಉಪಕರಣ ಎಷ್ಟೇ ಒಳ್ಳೆಯದಿರಲಿ, ರೈತನನ್ನು ಕತ್ತಲಿಗೆ ಇಳಿಸುವ ಕಾರಣಗಳು ಹಾಗೆಯೇ ಉಳಿದರೆ ಪ್ರಯೋಜನ ಅಷ್ಟಕ್ಕಷ್ಟೇ. ಕಾಡಂಚಿನ ಗ್ರಾಮಗಳ ಪಂಪ್‌ಸೆಟ್‌ಗಳಿಗೆ ಹಗಲಿನಲ್ಲೇ ಮೂರು ಫೇಸ್ ವಿದ್ಯುತ್ ನೀಡಬೇಕೆಂಬುದು ಹಳೆಯ ಬೇಡಿಕೆ. ಅದು ಈಡೇರಿದರೆ ಯಾವ ದುರ್ಬೀನಿಗಿಂತಲೂ ಹೆಚ್ಚು ಜೀವ ಉಳಿಯುತ್ತದೆ. ಹಳೆಯ ರೈಲು ಹಳಿಗಳ ಬೇಲಿ ನಾಗರಹೊಳೆಯ ಅಂಚಿನಲ್ಲಿ ಆನೆಗೆ ತಡೆಯಾಗಿದೆ, ಆದರೆ ಹಂದಿಯನ್ನೋ ಚಿರತೆಯನ್ನೋ ಅದು ತಡೆಯದು. 11ನೇ ಕಲಮಿನ ಅನುಮತಿ ಕಾಗದದಲ್ಲಿದ್ದರೆ ಸಾಲದು. ಹಂದಿ ನುಗ್ಗಿದ ವಾರದೊಳಗೆ ಅರ್ಜಿ ವಿಲೇವಾರಿಯಾಗಬೇಕು. ಬೆಳೆಹಾನಿ ಪರಿಹಾರ ಮುಂದಿನ ಬಿತ್ತನೆಗೆ ಮೊದಲು ಕೈಸೇರಬೇಕು.

ಇದಾವುದೂ ಆಗದಿದ್ದಾಗ ಹತಾಶೆ ಹಿಡಿಯುವ ದಾರಿ ಎಲ್ಲರಿಗೂ ಗೊತ್ತಿರುವಂಥದೇ: ಬೇಲಿಗೆ ಹರಿಸಿದ ವಿದ್ಯುತ್, ಹಂದಿಗಿಟ್ಟ ಸಿಡಿಮದ್ದು, ಉರುಳು, ವಿಷ. ಉರುಳಿಗೆ ಹಂದಿಯೂ ಬೀಳುತ್ತದೆ, ಚಿರತೆಯೂ ಬೀಳುತ್ತದೆ. ಸಿಡಿಮದ್ದು ಊರ ಹಸುವಿನ ಬಾಯನ್ನೂ ಸೀಳುತ್ತದೆ. 2025ರ ಜೂನ್‌ನಲ್ಲಿ ನೆರೆಯ ಚಾಮರಾಜನಗರ ಜಿಲ್ಲೆಯ ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ ತಾಯಿ ಹುಲಿ ಮತ್ತು ನಾಲ್ಕು ಮರಿಗಳು ವಿಷಕ್ಕೆ ಬಲಿಯಾದ ಪ್ರಕರಣ ಈ ಹಾದಿ ಎಲ್ಲಿಗೆ ತಲುಪುತ್ತದೆ ಎಂಬುದನ್ನು ರಾಜ್ಯಕ್ಕೆ ತೋರಿಸಿದೆ.

ತಂತ್ರಜ್ಞಾನ ಅಗ್ಗವಾಗುತ್ತಲೇ ಹೋಗುತ್ತದೆ. ಮಾಂಸಕ್ಕಾಗಿ ಕಾಡಿಗೆ ನುಗ್ಗುವವರಿಗೂ ಅದು ಅಗ್ಗವೇ. ಅದನ್ನು ಅವರ ಕೈಗಷ್ಟೇ ಬಿಟ್ಟು ಕಾಯುವವನ ಕೈಗೆ ಹಳೆಯ ಟಾರ್ಚ್ ಉಳಿಸಿದರೆ ಕಾಡಿಗೂ ನಷ್ಟ, ಊರಿಗೂ ನಷ್ಟ. ಕಾಡಂಚಿನ ಗ್ರಾಮ ಪಂಚಾಯಿತಿಗಳಿಗೆ ಕಾವಲಿನ ಉಪಕರಣಗಳನ್ನು ಅರಣ್ಯ ಇಲಾಖೆಯೇ ನೋಂದಾಯಿಸಿ ಒದಗಿಸಿದರೆ, ಯಾವುದು ಕಾವಲಿನದು, ಯಾವುದು ಬೇಟೆಯದು ಎಂಬ ಗೊಂದಲವೂ ತಾನಾಗಿಯೇ ಬಗೆಹರಿಯುತ್ತದೆ. ಸೌರ ಬೇಲಿಗೆ ಸಹಾಯಧನ ನೀಡಬಲ್ಲ ಸರ್ಕಾರಕ್ಕೆ ಇದು ಹೊರಲಾಗದ ಹೊರೆಯೇನಲ್ಲ.