ನಿಯಮದ ಪಟ್ಟಿ ಎಲ್ಲಿರಬೇಕು?

ಬರೆದಿಟ್ಟ ದಾಖಲೆಯು ಸರಿಯೋ ತಪ್ಪೋ ಎಂದು ಪರೀಕ್ಷಿಸುವ ಕೆಲಸ ನಮ್ಮ ನಾಡಿಗೆ ಹೊಸದೇನೂ ಅಲ್ಲ. ಶಾನುಭೋಗರು ಬರೆದ ಪಹಣಿಯನ್ನು ಜಮಾಬಂದಿಯ ಕಾಲದಲ್ಲಿ ಅಮಲ್ದಾರರು ತಿರುವಿ ನೋಡುತ್ತಿದ್ದರು. 40 ಗುಂಟೆಗೆ ಒಂದು ಎಕರೆ; ಹಿಸ್ಸೆಗಳ ವಿಸ್ತೀರ್ಣವನ್ನೆಲ್ಲ ಕೂಡಿದರೆ ಸರ್ವೆ ನಂಬರಿನ ಒಟ್ಟು ವಿಸ್ತೀರ್ಣ ಬರಬೇಕು; ಬಾರದಿದ್ದರೆ ಎಲ್ಲಿಯೋ ಲೆಕ್ಕ ಕೆಟ್ಟಿದೆ. ಇಂಥ ದೋಷವನ್ನು ಹಿಡಿಯಲು ಆ ಹಾಳೆಯೊಂದೇ ಸಾಕು, ಹೊರಗಿನ ಕಾಗದದ ನೆರವು ಬೇಡ.

ಆದರೆ ಮತ್ತೊಂದು ಬಗೆಯ ಪರೀಕ್ಷೆಯುಂಟು. ಅಲ್ಲಿ ದಾಖಲೆಯ ಅಕ್ಷರ ಅಕ್ಷರವೂ ಸರಿಯಾಗಿರಬಹುದು, ಕೂಡಿಸುವಿಕೆಯಲ್ಲಿ ತಪ್ಪಿಲ್ಲದಿರಬಹುದು. ಆದರೂ ಅದು ಸಲ್ಲದು. ಏಕೆಂದರೆ ಸಲ್ಲುವುದು ಯಾವುದು, ಸಲ್ಲದ್ದು ಯಾವುದು ಎಂಬ ನಿಯಮವು ಆ ದಾಖಲೆಯಲ್ಲಿಲ್ಲ. ಬೇರೆ ಯಾರೋ ಬೇರೆಲ್ಲಿಯೋ ಇಟ್ಟಿರುವ ಪಟ್ಟಿಯಲ್ಲಿದೆ. ಚಿತ್ರದುರ್ಗದ ಸೀಮೆಯ ರೈತನಿಗೆ ಈ ಪಟ್ಟಿಯ ಪರಿಚಯ ಬೆಳೆ ವಿಮೆಯ ಮೂಲಕ ಚೆನ್ನಾಗಿಯೇ ಆಗಿದೆ.

ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ 2016ರಲ್ಲಿ ಬಂದಿತು. ನಮ್ಮ ರಾಜ್ಯದಲ್ಲಿ ಅದರ ಅರ್ಜಿಗಳು ‘ಸಂರಕ್ಷಣೆ’ ಎಂಬ ಗಣಕ ವ್ಯವಸ್ಥೆಯ ಮೂಲಕ ಸಾಗುತ್ತವೆ. ಐಮಂಗಲ ಹೋಬಳಿಯ ರೈತನೊಬ್ಬ ತನ್ನ 3 ಎಕರೆ ಶೇಂಗಾಕ್ಕೆ ವಿಮೆ ಮಾಡಿಸಲು ಹೋದನೆಂದು ಭಾವಿಸಿರಿ. ಯಂತ್ರವು ಮೊದಲು ‘ಭೂಮಿ’ಯ ಪಹಣಿಯನ್ನು ನೋಡುತ್ತದೆ: ಸರ್ವೆ ನಂಬರು ಉಂಟೆ? ಅಷ್ಟು ವಿಸ್ತೀರ್ಣ ಉಂಟೆ? ಅನಂತರ ಹಂಗಾಮಿನ ಅಧಿಸೂಚನೆಯನ್ನು ನೋಡುತ್ತದೆ: ಆ ಗ್ರಾಮ ಪಂಚಾಯಿತಿಗೋ ಹೋಬಳಿಗೋ ಆ ಬೆಳೆ ಸೂಚಿತವಾಗಿದೆಯೆ? ಕೊನೆಯ ದಿನ ಮೀರಿಲ್ಲವಷ್ಟೆ? ಮುಖ್ಯ ಬೆಳೆಗಳನ್ನು ಪಂಚಾಯಿತಿವಾರು, ಉಳಿದವನ್ನು ಹೋಬಳಿವಾರು ಸೂಚಿಸುವುದು ಇಲ್ಲಿಯ ಪದ್ಧತಿ. ಮುಂಗಾರಿನ ಧಾನ್ಯ, ಎಣ್ಣೆಕಾಳುಗಳಿಗೆ ರೈತನ ಪಾಲಿನ ಕಂತು ವಿಮಾ ಮೊತ್ತದಲ್ಲಿ ಹೆಚ್ಚೆಂದರೆ ಶೇಕಡಾ 2. ಈರುಳ್ಳಿಯಂಥ ತೋಟಗಾರಿಕೆ ಬೆಳೆಗೆ ಶೇಕಡಾ 5.

ಈ ಪಟ್ಟಿಯನ್ನು ಯಂತ್ರದ ಕಾರ್ಯಕ್ರಮದೊಳಗೇ ಹೆಣೆದುಬಿಡಬಾರದೇಕೆ ಎಂದು ವಾಚಕರು ಕೇಳಬಹುದು. ಹೆಣೆಯಬಹುದು. ಆದರೆ ತುರುವನೂರಿಗೆ ಒಂದು ಬೆಳೆ ಸೇರಿದಾಗ, ಮತ್ತೋಡಿಗೆ ಒಂದು ಬೆಳೆ ಬಿಟ್ಟುಹೋದಾಗ, ಕೊನೆಯ ದಿನವನ್ನು ಮುಂದೂಡಿದಾಗ, ಪ್ರತಿಸಲವೂ ಕಾರ್ಯಕ್ರಮ ಬರೆದ ತಜ್ಞರನ್ನೇ ಕರೆತರಬೇಕಾದೀತು. ಕೃಷಿಯನ್ನು ಬಲ್ಲವರು ಕೃಷಿ ಇಲಾಖೆಯವರು. ಅವರು ಪಟ್ಟಿಯನ್ನು ತಿದ್ದಲಿ, ಯಂತ್ರವು ಅದನ್ನು ಓದಿಕೊಳ್ಳಲಿ ಎಂಬುದೇ ವಿವೇಕದ ಮಾತು. ನ್ಯಾಯಸ್ಥಾನದಲ್ಲಿ ತೀರ್ಪು ಕೊಡುವವರೇ ಶಾಸನವನ್ನೂ ಮಾಡುವುದಿಲ್ಲವಷ್ಟೆ!

ಪಟ್ಟಿ ಹೊರಗಿದ್ದರೆ ಇನ್ನೊಂದು ಎಚ್ಚರ ಬೇಕು: ಪ್ರತಿ ನಿಯಮಕ್ಕೂ ತಾರೀಖು ಇರಲೇಬೇಕು. ಭೂಸುಧಾರಣಾ ಕಾಯಿದೆಯ 79ಎ ಕಲಮನ್ನೇ ನೋಡಿರಿ. ಬೇಸಾಯದ ಹೊರಗಿನ ಆದಾಯ ಇಂತಿಷ್ಟಕ್ಕಿಂತ ಹೆಚ್ಚಿದ್ದವರು ಕೃಷಿಭೂಮಿ ಕೊಳ್ಳಬಾರದೆಂದು ಅದರ ವಿಧಿ. ಆ ಮಿತಿ 1995ರಲ್ಲಿ 2 ಲಕ್ಷ ರೂಪಾಯಿಗೆ, 2015ರಲ್ಲಿ 25 ಲಕ್ಷಕ್ಕೆ ಏರಿತು. 2020ರಲ್ಲಿ ಕಲಮೇ ಹೋಯಿತು. ಅದೂ 1974ರಿಂದಲೇ ಇರಲಿಲ್ಲವೆಂಬಂತೆ! 2010ರ ಒಂದು ಕ್ರಯಪತ್ರವನ್ನು 2012ರಲ್ಲಿ ಪರೀಕ್ಷಿಸಿದರೆ ಒಂದು ಉತ್ತರ, ಇಂದು ಪರೀಕ್ಷಿಸಿದರೆ ಮತ್ತೊಂದು. ಪತ್ರದಲ್ಲಿ ಒಂದಕ್ಷರವೂ ಬದಲಾಗಿಲ್ಲ. ಹಳೆಯ ಮಿತಿಗಳನ್ನು ಅಳಿಸಿಹಾಕಿ ಹೊಸದೊಂದನ್ನೇ ಇಟ್ಟುಕೊಂಡ ಕಚೇರಿಗೆ ಅಂದಿನ ಅಧಿಕಾರಿ ಏಕೆ ಹಾಗೆ ಬರೆದರೆಂಬುದು ಎಂದಿಗೂ ತಿಳಿಯದು.

ಇನ್ನು ವಿಮೆಯ ನಿಜವಾದ ತೊಡಕಿಗೆ ಬರೋಣ. ಕಂತು ಕಟ್ಟುವುದು ಮುಂಗಾರಿನ ಮೊದಲ ಭಾಗದಲ್ಲಿ. ಅನಂತರ ಹೊಲಕ್ಕೆ ಹೋಗಿ, ಚಿತ್ರ ತೆಗೆದು, ಸರ್ವೆ ನಂಬರಿನೊಡನೆ ಬೆಳೆಯ ಹೆಸರನ್ನು ದಾಖಲಿಸುವ ಬೆಳೆ ಸಮೀಕ್ಷೆ ನಡೆಯುತ್ತದೆ. ವಿಮೆಯ ಬೆಳೆಗೂ ಸಮೀಕ್ಷೆಯ ಬೆಳೆಗೂ ತಾಳೆಯಾಗದಿದ್ದರೆ ಅರ್ಜಿ ತಿರಸ್ಕೃತ. ಬಿತ್ತದ ಬೆಳೆಗೆ ಪರಿಹಾರ ಎತ್ತುವವರನ್ನು ತಡೆಯಲು ಈ ನಿಯಮ ಅಗತ್ಯವೇ ಹೌದು. ಆದರೆ ಹಿರಿಯೂರು, ಹೊಸದುರ್ಗಗಳ ಮಳೆಯನ್ನು ಬಲ್ಲವರಿಗೆ ಮಿಕ್ಕ ಕಥೆ ಹೇಳಬೇಕಾಗಿಲ್ಲ. ಶೇಂಗಾಕ್ಕೆಂದು ಹದ ಮಾಡಿದ ನೆಲ; ಮಳೆ ತಡವಾಯಿತು; ಕೊನೆಗೆ ರಾಗಿಯನ್ನೋ ಹುರುಳಿಯನ್ನೋ ಚೆಲ್ಲಿದ. ಈತ ವಂಚಕನೆ? ಯಂತ್ರಕ್ಕೆ ಇಬ್ಬರೂ ಒಂದೇ. ಸಾಲ ಪಡೆದವನ ಪಾಡು ಇನ್ನೊಂದು ಬಗೆಯದು: ಬ್ಯಾಂಕಿನ ಪುಸ್ತಕದಲ್ಲಿ ಹೋದ ವರ್ಷದ ಬೆಳೆಯೇ ಉಳಿದಿದ್ದರೆ ಅದಕ್ಕೇ ಕಂತು ಮುರಿಯುತ್ತದೆ. ಬೆಳೆ ಬದಲಾದುದನ್ನು ಕೊನೆಯ ದಿನಕ್ಕೆ ಎರಡು ಕೆಲಸದ ದಿನ ಮೊದಲೇ ತಿಳಿಸಬೇಕೆಂಬ ನಿಯಮವೇನೋ ಇದೆ. ಮಳೆಗೆ ಆ ನಿಯಮ ಗೊತ್ತಿಲ್ಲ.

ಅಕ್ಕಡಿಯ ಹೊಲದ ಮಾತನ್ನಂತೂ ಕೇಳಲೇಬೇಡಿ. ರಾಗಿಯ ನಡುವೆ ಅವರೆ, ತೊಗರಿಗಳ ಸಾಲು ಹಾಕುವುದು ನಮ್ಮ ಹಿರಿಯರ ಜಾಣತನ. ಚಿತ್ರ ತೆಗೆಯುವವನು ಯಾವ ಸಾಲಿನ ಎದುರು ನಿಂತನೆಂಬುದರ ಮೇಲೆ ಹೊಲದ ಹೆಸರು ನಿಂತರೆ ಅದು ರೈತನ ತಪ್ಪಲ್ಲ.

ಆದುದರಿಂದ ಯಂತ್ರವು ‘ಇಲ್ಲ’ ಎಂದರಷ್ಟೇ ಸಾಲದು. ಯಾವ ನಿಯಮದಿಂದ, ಯಾವ ಎರಡು ಬರಹಗಳು ಹೊಂದಲಿಲ್ಲವೆಂದು ‘ಇಲ್ಲ’ ಎಂಬುದನ್ನೂ ಹೇಳಬೇಕು. ಈ ವಿಷಯದಲ್ಲಿ ನಮ್ಮ ವ್ಯವಸ್ಥೆ ಪೂರ್ಣ ಮೌನವಾಗಿಲ್ಲವೆಂಬುದು ಸಮಾಧಾನ. ತಾಳೆಯಾಗದ ಅರ್ಜಿಗಳ ಪಟ್ಟಿಯನ್ನು ಗ್ರಾಮ ಪಂಚಾಯಿತಿ, ರೈತ ಸಂಪರ್ಕ ಕೇಂದ್ರಗಳಲ್ಲಿ ಪ್ರಕಟಿಸಿ ಆಕ್ಷೇಪಣೆ ಕರೆಯುವುದುಂಟು. ಆ ವರ್ಷದ ಪಹಣಿಯಲ್ಲಿ ವಿಮೆಯ ಬೆಳೆಯೇ ನಮೂದಾಗಿದ್ದರೆ ಅದರ ಪ್ರತಿಯನ್ನು, ಬೆಂಬಲ ಬೆಲೆಗೋ ಕೃಷಿ ಮಾರುಕಟ್ಟೆಯಲ್ಲೋ ಮಾಲು ಮಾರಿದ್ದರೆ ಅದರ ರಸೀದಿಯನ್ನು ಲಗತ್ತಿಸಿ, ಪ್ರಕಟಣೆಯ ಅವಧಿಯೊಳಗೆ ಕೃಷಿ ಇಲಾಖೆಗೆ ಕೊಟ್ಟರೆ ಮರುಪರಿಶೀಲನೆ ನಡೆಯುತ್ತದೆ. ಭರಮಸಾಗರದ ಮೆಕ್ಕೆಜೋಳವಾಗಲಿ, ರಾಮಗಿರಿಯ ರಾಗಿಯಾಗಲಿ, ಮಾರಿದ ದಿನದ ಚೀಟಿಯನ್ನು ಮುಂದಿನ ಹಂಗಾಮಿನವರೆಗೆ ಪೆಟ್ಟಿಗೆಯಲ್ಲಿಡಿ.