ಇಂಟರ್‌ವಲ್ ಮಾತು: ಖಾರದ ಹೀರೋಗೆ ಬಿಯರ್ ಜೋಡಿ

ಖಾರದ ಚಿಕನ್ ತಿಂದು ಕಣ್ಣಲ್ಲಿ ನೀರು ಬಂದಾಗ ಗಟಗಟ ಬಿಯರ್ ಇಳಿಸಿದರೆ ಉರಿ ಆರುತ್ತೆ ಅಂತ ನಂಬಿರೋ ಮಿತ್ರರೇ, ಈ ವಾರದ ಮಾತು ನಿಮಗೇ. ಆರೋದಿಲ್ಲ ಸ್ವಾಮೀ! ಮೆಣಸಿನಕಾಯಿಯ ಉರಿಗೆ ಕಾರಣ ಕ್ಯಾಪ್ಸೈಸಿನ್ ಅನ್ನೋ ವಸ್ತು. ಅದು ನೀರಿಗೆ ಜಗ್ಗುವ ಆಸಾಮಿಯಲ್ಲ. ಬಿಯರ್ ಅಂದರೆ ನೂರಕ್ಕೆ ತೊಂಬತ್ತು ಪಾಲಿಗಿಂತ ಹೆಚ್ಚು ನೀರೇ. ತಣ್ಣಗಿರೋದರಿಂದ ಒಂದು ಗುಟುಕು ಸುಖ, ಆಮೇಲೆ ವಿಲನ್ ಮತ್ತೆ ಮೈ ಕೊಡವಿ ಏಳುತ್ತಾನೆ. ಸಾಲದ್ದಕ್ಕೆ ಗ್ಯಾಸ್ ಬೇರೆ... ಉರಿಯೋ ನಾಲಿಗೆಯನ್ನು ಗುಳ್ಳೆಗಳು ಇನ್ನಷ್ಟು ಚುಚ್ಚುತ್ತವೆ. ಉರಿ ಆರಿಸೋಕೆ ಮೊಸರೇ ಸರಿ.

ಮತ್ತೆ ಬಿಯರ್ ಯಾಕೆ? ಜೋಡಿಗೆ! ರಾಜ್‌ಕುಮಾರ್ ಪಕ್ಕದಲ್ಲಿ ನರಸಿಂಹರಾಜು ಇದ್ದ ಹಾಗೆ. ಎಣ್ಣೆ ಮಸಾಲೆಯ ಜಿಡ್ಡು ತೊಳೆದು, ಮುಂದಿನ ತುತ್ತಿಗೆ ಬಾಯಿ ಸಿದ್ಧ ಮಾಡಬೇಕು, ಅಷ್ಟೇ ಅದರ ಪಾತ್ರ. ಈ ಪಾತ್ರಕ್ಕೆ ಹೇಳಿ ಮಾಡಿಸಿದ್ದು ಬಂಗಾರದ ಬಣ್ಣದ ತಿಳಿ ಲಾಗರ್. 1842ರಲ್ಲಿ, ಇವತ್ತು ಚೆಕ್ ದೇಶದಲ್ಲಿರೋ ಪಿಲ್ಸೆನ್ ಊರಲ್ಲಿ ಹುಟ್ಟಿದ ಜಾತಿ. ತಂಪಿನಲ್ಲಿ ನಿಧಾನ ಹುದುಗಿಸಿ, ವಾರಗಟ್ಟಲೆ ತಂಪಿನಲ್ಲೇ ಇಟ್ಟು ಹದ ಮಾಡ್ತಾರೆ. ಅದಕ್ಕೇ ರುಚಿ ಸ್ವಚ್ಛ.

ಈ ಜೋಡಿಯ ಹಿಂದೆ ಒಂದು ಬೆಂಗಳೂರು ಕಥೆ ಇದೆ, ಯಾವ ಸಿನಿಮಾಕ್ಕೂ ಕಡಿಮೆಯಿಲ್ಲ! ಹೈದರಾಬಾದಿನ ಪಾರ್ಸಿ ಹುಡುಗ ಕರಣ್ ಬಿಲಿಮೋರಿಯಾ. ಕೇಂಬ್ರಿಜ್‌ನಲ್ಲಿ ಕಾನೂನು ಓದಿದವ, ತಲೆ ಮೇಲೆ 20,000 ಪೌಂಡ್ ಸಾಲ. ಇಂಗ್ಲೆಂಡಿನ ಕರಿ ಹೋಟೆಲುಗಳಲ್ಲಿ ಸಿಗ್ತಿದ್ದ ಲಾಗರ್ ಬರೀ ಗ್ಯಾಸು. ಅರ್ಧ ಊಟಕ್ಕೇ ಹೊಟ್ಟೆ ಉಬ್ಬಿ ನಾನ್ ಅಲ್ಲೇ ಉಳೀತಿತ್ತು. ಗ್ಯಾಸ್ ಕಡಿಮೆ, ನುಣುಪು ಹೆಚ್ಚು ಇರೋ ಲಾಗರ್ ಬೇಕು ಅಂತ ಹಟ ಹಿಡಿದ. ಅದನ್ನು ತಯಾರಿಸಿಕೊಟ್ಟದ್ದು ಯಾರು ಗೊತ್ತೇ? ನಮ್ಮ ಬೆಂಗಳೂರಿನ ಮೈಸೂರು ಬ್ರೂವರೀಸ್! 1990ರಲ್ಲಿ 'ಕೋಬ್ರಾ' ಹೆಸರಿನ ದೊಡ್ಡ ಬಾಟಲಿಗಳು ಹಡಗು ಹತ್ತಿದವು. ಆಸಾಮಿ ಹಳೇ ಸಿಟ್ರೊಯೆನ್ ಕಾರಿನಲ್ಲಿ ಪೆಟ್ಟಿಗೆ ತುಂಬಿಕೊಂಡು ಹೋಟೆಲ್ ಹೋಟೆಲ್ ಅಲೆದ. ದೊಡ್ಡ ಬಾಟಲಿ ನೋಡಿ ಪಕ್ಕದ ಟೇಬಲಿನವರೂ ಕೇಳೋಕೆ ಶುರು ಮಾಡಿದರು.

ಸೆಕೆಂಡ್ ಹಾಫ್ ಕೇಳಿ. 1997ರ ಹೊತ್ತಿಗೆ ತಯಾರಿಕೆ ಇಂಗ್ಲೆಂಡಿನ ಬೆಡ್‌ಫರ್ಡ್‌ಗೆ ಹೋಯ್ತು. ಬೆಂಗಳೂರು ತೆರೆಮರೆಗೆ! 2006ರಲ್ಲಿ ಹುಡುಗ ಲಾರ್ಡ್ ಆದ. 2009ರಲ್ಲಿ ಕಂಪನಿ ಸಾಲದಲ್ಲಿ ಮುಳುಗಿ, ಮೋಲ್ಸನ್ ಕೂರ್ಸ್ ದೊಡ್ಡ ಪಾಲು ಹಿಡಿಯಿತು. ಬಾಕಿ ಬರಬೇಕಿದ್ದ ಎಷ್ಟೋ ಜನ ಕೈ ಕೈ ಹಿಸುಕಿಕೊಂಡರು. ಆದರೂ ಆ ಹಟ ಮೆಚ್ಚಬೇಕಾದ್ದೇ... ಊಟಕ್ಕಾಗಿ ಬಿಯರನ್ನು ಬದಲಿಸಿದ, ಬಿಯರಿಗಾಗಿ ಊಟವನ್ನಲ್ಲ.

ಈಗ ನಮ್ಮ ಟೇಬಲ್ಲಿಗೆ ಬನ್ನಿ. ನಾಟಿ ಕೋಳಿ ಸಾರು, ಪೆಪ್ಪರ್ ಡ್ರೈ, ಮಟನ್ ಚಾಪ್ಸ್, ಯಾವುದೇ ಇರಲಿ, ಮೈಲ್ಡ್ ಲಾಗರ್ ತಗೊಳ್ಳಿ. ಆಲ್ಕೋಹಾಲ್ ನೂರಕ್ಕೆ 5ರ ಒಳಗೆ. ನಮ್ಮೂರ ಕಿಂಗ್‌ಫಿಷರ್ ಪ್ರೀಮಿಯಂ ಈ ಕೆಲಸಕ್ಕೆ ಸಾಕು. ಬಾಟಲಿಯಿಂದ ನೇರ ಎತ್ತಬೇಡಿ! ಗ್ಲಾಸಿಗೆ ಸುರಿಯಿರಿ, ನೊರೆ ಏಳಲಿ, ಒಂದಷ್ಟು ಗ್ಯಾಸು ಅಲ್ಲೇ ಹೋಗುತ್ತೆ. ಮೊದಲು ಊಟವಿಲ್ಲದೆ ಒಂದು ಗುಟುಕು: ಮಾಲ್ಟಿನ ಸಣ್ಣ ಸಿಹಿ, ಕೊನೆಗೆ ಹಾಪ್ಸಿನ ಕಹಿ. ಆಮೇಲೆ ಒಂದು ತುತ್ತು, ಮತ್ತೆ ಒಂದು ಗುಟುಕು. ಸಿಹಿ ಮುಂದೆ ಬಂದರೆ ಜೋಡಿ ಗೆದ್ದಿತು. ಕಹಿಯೇ ಕುಣಿದರೆ ಬೇರೆ ಬಾಟಲಿ ನೋಡಿ. ಐಸ್‌ನಂತೆ ಕೊರೆಯೋದೂ ಬೇಡ, ರುಚಿಯೇ ಗೊತ್ತಾಗಲ್ಲ.

"ಗುರುವೇ, ಅದೇ ಕಾಸಿಗೆ ಸ್ಟ್ರಾಂಗ್ ಬರುತ್ತಲ್ಲ!" ಅಂತೀರಿ, ಗೊತ್ತು. ನಮ್ಮ ದೇಶದಲ್ಲಿ ಹೆಚ್ಚು ಓಡೋದೂ ಅದೇ. ಆದರೆ ಕ್ಯಾಪ್ಸೈಸಿನ್ ಮುಟ್ಟುವ ನರವನ್ನೇ ಆಲ್ಕೋಹಾಲೂ ಕೆಣಕುತ್ತೆ. ಖಾರದ ಜೊತೆ ಸ್ಟ್ರಾಂಗ್ ಅಂದರೆ ಒಂದೇ ಪಿಕ್ಚರಿನಲ್ಲಿ ಎರಡು ವಿಲನ್. ಎರಡನೇ ಬಾಟಲಿಗೆ ಮಟನ್ನೂ ಒಂದೇ, ಮಣ್ಣೂ ಒಂದೇ. ಮೈಲ್ಡ್ ಆದರೂ ಸರಿ, ಕುಡಿದ ಮೇಲೆ ಗಾಡಿ ಕೀಲಿ ಕುಡಿಯದ ಗೆಳೆಯನ ಕೈಲಿರಲಿ. ಇಪ್ಪತ್ತೊಂದು ತುಂಬದವರು ಓದಿ ಖುಷಿಪಡಿ, ಅಷ್ಟೇ!

ಇನ್ನೊಂದು ಮಾತು. ಅಂಗಡಿಯ ಬಿಸಿಲಲ್ಲೋ ಟ್ಯೂಬ್‌ಲೈಟ್ ಕೆಳಗೋ ನಿಂತ ಹಸಿರು ಬಾಟಲಿ ಬೇಡ. ಬೆಳಕು ತಾಗಿದರೆ ಹಾಪ್ಸ್ ಕೆಟ್ಟು ನಾತ ಹೊಡೆಯುತ್ತೆ. ಕಂದು ಬಾಟಲಿ, ಒಳಗಿನ ಕತ್ತಲ ಮೂಲೆಯದು, ಅದನ್ನೇ ಕೇಳಿ ತಗೊಳ್ಳಿ.