ಮನೆ ಮುಂದಿನ ರಸ್ತೆಯಲ್ಲಿ ಕಾರು ನಿಲ್ಲಿಸಲು ಶುಲ್ಕ ಬೇಕೆ?

ಬೆಂಗಳೂರಿನ ಬಡಾವಣೆಗಳ ಒಳರಸ್ತೆಯಲ್ಲಿ ಕಾರು ನಿಲ್ಲಿಸುವವರು ವರ್ಷಕ್ಕಿಷ್ಟು ಅಂತ ಕಟ್ಟಿ ಪರ್ಮಿಟ್ ಪಡೆಯಬೇಕು ಎಂಬ ಮಾತು ‘ಪಾರ್ಕಿಂಗ್ ನೀತಿ 2.0’ರಲ್ಲಿದೆ. 2021ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಅದಕ್ಕೆ ಒಪ್ಪಿಗೆ ಕೊಟ್ಟಿತು. ಸಣ್ಣ ಕಾರಿಗೆ ವರ್ಷಕ್ಕೆ 1,000 ರೂಪಾಯಿ, ಮಧ್ಯಮ ಗಾತ್ರದ್ದಕ್ಕೆ 3,000ದಿಂದ 4,000, ದೊಡ್ಡ ಎಸ್‌ಯುವಿಗೆ 5,000 ಎಂಬ ದರವೂ ಸುದ್ದಿಯಾಗಿತ್ತು. ವರ್ಷಗಳು ಕಳೆದರೂ ಅದು ಕಾಗದ ಬಿಟ್ಟು ರಸ್ತೆಗೆ ಇಳಿದಿಲ್ಲ. ಇಳಿಯಬೇಕೆ? ನಡೆಯುವವರ, ಸೈಕಲ್ ತುಳಿಯುವವರ, ಬಸ್ಸಿಗೆ ಕಾಯುವವರ ಕಡೆಯಿಂದಲೇ ಯೋಚಿಸುವ ಇಬ್ಬರ ವಾದ ಇಲ್ಲಿದೆ.

ಪರ

ಮೊದಲು ಮೂವತ್ತಡಿ ರಸ್ತೆಯ ಲೆಕ್ಕ ಹಾಕೋಣ. ಮೂವತ್ತಡಿ ಎಂದರೆ ಸುಮಾರು 9.1 ಮೀಟರ್. ವಸತಿ ಪ್ರದೇಶದಲ್ಲಿ ಫುಟ್‌ಪಾತ್ ಕನಿಷ್ಠ 1.8 ಮೀಟರ್ ಇರಬೇಕು ಎನ್ನುತ್ತದೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ. ಎರಡೂ ಬದಿಗೆ ಅಷ್ಟು ಬಿಟ್ಟರೆ ಉಳಿಯುವುದು ಐದೂವರೆ ಮೀಟರ್. ಒಂದು ಸಾಲು ಕಾರಿಗೆ ಹೆಚ್ಚುಕಡಿಮೆ ಎರಡು ಮೀಟರ್ ಬೇಕು. ಎರಡೂ ಕಡೆ ಕಾರು ನಿಂತರೆ ನಡುವೆ ಒಂದೂವರೆ ಮೀಟರ್. ಆಟೊ ಮೈ ಉಜ್ಜಿಕೊಂಡು ಹೋದೀತು, ಆಂಬುಲೆನ್ಸ್ ಹೋಗದು. ಆದರೂ ನಮ್ಮ ಮೂವತ್ತಡಿ ರಸ್ತೆಗಳಲ್ಲಿ ಎರಡೂ ಕಡೆ ಕಾರು ನಿಂತಿವೆ, ನಡುವೆ ನೀರಿನ ಟ್ಯಾಂಕರೂ ಓಡಾಡುತ್ತಿದೆ. ಹೇಗೆ ಸಾಧ್ಯವಾಯಿತು? ಫುಟ್‌ಪಾತ್ ಅನ್ನುವುದೇ ಇಲ್ಲ, ಅದಕ್ಕೆ. ಫುಟ್‌ಪಾತ್ ಮಾಡಲಿಲ್ಲ ಎಂದು ನಾವು ಪಾಲಿಕೆಯ ಎಂಜಿನಿಯರನ್ನು ಬೈಯುತ್ತೇವೆ. ಮಾಡಬೇಕಾದ ಜಾಗದಲ್ಲಿ ನಿಂತಿರುವುದು ನಮ್ಮದೇ ಕಾರು.

ಬೆಳಗ್ಗೆ ಶಾಲೆಯ ಹೊತ್ತಿಗೆ ಯಾವ ಬಡಾವಣೆಗಾದರೂ ಹೋಗಿ ನೋಡಿ. ಬೆನ್ನಿಗೆ ಚೀಲ ಹಾಕಿದ ಮಕ್ಕಳು, ಕೈ ಹಿಡಿದ ಅಜ್ಜಿಯರು, ಎಲ್ಲರೂ ನಡುರಸ್ತೆಯಲ್ಲಿ, ಹಿಂದಿನಿಂದ ಹಾರ್ನ್. ಮೋರಿಯ ಮೇಲೆ ಚಪ್ಪಡಿ ಇರುವ ಕಡೆಯೂ ಅದರ ಮೇಲೆ ಕಾರಿನ ಎರಡು ಚಕ್ರ ಏರಿ ಕೂತಿರುತ್ತವೆ. ನಿಂತ ಎರಡು ಕಾರುಗಳ ಸಂದಿಯಿಂದ ಚೆಂಡಿನ ಹಿಂದೆ ಓಡಿಬರುವ ಹುಡುಗ ಬೈಕಿನವನ ಕಣ್ಣಿಗೆ ಬೀಳುವುದು ಚಕ್ರದ ಮುಂದೆ ಬಂದ ಮೇಲೇ. ಸೈಕಲ್ಲಿನವರ ಭಯ ಬೇರೆ: ಯಾವ ಕಾರಿನ ಬಾಗಿಲು ಯಾವಾಗ ತೆರೆದುಕೊಳ್ಳುತ್ತದೋ ಗೊತ್ತಿಲ್ಲ. ತಪ್ಪಿಸಿಕೊಳ್ಳಲು ನಡುವಿಗೆ ಸರಿದರೆ ಹಿಂದಿನ ವಾಹನದ ಬಾಯಿಗೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ 32,825 ಮಂದಿ ನಡೆದು ಹೋಗುತ್ತಿದ್ದವರು. ಐವರಲ್ಲಿ ಒಬ್ಬರು.

ಇನ್ನು ಬಸ್ಸು. ನಲವತ್ತಡಿ ರಸ್ತೆಗೆ ಅದೇ ಲೆಕ್ಕ ಹಾಕಿ: ಎರಡು ಫುಟ್‌ಪಾತು, ಎರಡು ಸಾಲು ಕಾರು ಕಳೆದರೆ ಉಳಿಯುವುದು ನಾಲ್ಕೂವರೆ ಮೀಟರಿನ ಆಸುಪಾಸು. ಬಸ್ಸಿನ ಅಗಲವೇ ಎರಡೂವರೆ ಮೀಟರ್ ದಾಟುತ್ತದೆ. ಎದುರಿನಿಂದ ಇನ್ನೊಂದು ಬಸ್ಸು ಬಂದರೆ ಯಾರಾದರೊಬ್ಬರು ರಿವರ್ಸ್ ಹಾಕಬೇಕು. ತಿರುವಿನಲ್ಲಿ ಒಂದು ಕಾರು ನಿಂತಿದ್ದರೂ ಸಾಕು, ಕಂಡಕ್ಟರ್ ಇಳಿದು ಮನೆಮನೆ ಕಾಲಿಂಗ್ ಬೆಲ್ ಒತ್ತಬೇಕಾಗುತ್ತದೆ. ಇಂಥ ಕಡೆ ಬಸ್ಸು ಒಳಗೆ ಬರುವುದಿಲ್ಲ, ಮುಖ್ಯರಸ್ತೆಯಲ್ಲೇ ನಿಲ್ಲುತ್ತದೆ. ಅಲ್ಲಿಯವರೆಗೆ ನಡೆಯಲಾಗದವರು ಸ್ಕೂಟರ್ ಕೊಳ್ಳುತ್ತಾರೆ. ‘ಶಕ್ತಿ’ ಯೋಜನೆ ಬಂದ 2023ರ ಜೂನ್‌ನಿಂದ ಹೆಂಗಸರು ಬಸ್ಸಿಗೆ ದುಡ್ಡು ಕೊಡಬೇಕಿಲ್ಲ. ಬಸ್‌ಸ್ಟಾಪಿನವರೆಗೆ ಮಾತ್ರ ಅವರು ಜೀವ ಕೈಯಲ್ಲಿ ಹಿಡಿದು ನಡೆಯಬೇಕು.

ಕಾರೊಂದಕ್ಕೆ ಐದು ಮೀಟರ್ ಉದ್ದ, ಎರಡೂವರೆ ಮೀಟರ್ ಅಗಲದ ಜಾಗ ಎಂದು ಹಿಡಿದರೆ ಸುಮಾರು 134 ಚದರಡಿ. ಮೂವತ್ತು-ನಲವತ್ತರ ಸೈಟಿನ ಒಂಬತ್ತನೇ ಒಂದು ಪಾಲು. ನಿಮ್ಮ ಬಡಾವಣೆಯ ಮಾರ್ಗಸೂಚಿ ದರದಿಂದ ಅದನ್ನು ಗುಣಿಸಿ ನೋಡಿ; ಅಷ್ಟು ಬೆಲೆಯ ಸಾರ್ವಜನಿಕ ನೆಲವನ್ನು ಹಗಲೂ ರಾತ್ರಿ ಪುಕ್ಕಟೆ ಇಟ್ಟುಕೊಂಡಿದ್ದೇವೆ. ವರ್ಷಕ್ಕೆ 1,000 ಎಂದರೆ ದಿನಕ್ಕೆ ಮೂರು ರೂಪಾಯಿಗೂ ಕಡಿಮೆ. 2025ರ ಜನವರಿಯಲ್ಲಿ ಬಿಎಂಟಿಸಿ ದರ ಏರಿದ ಮೇಲೆ ಸಾಮಾನ್ಯ ಬಸ್ಸಿನ ಕನಿಷ್ಠ ಟಿಕೆಟ್ಟೇ 6 ರೂಪಾಯಿ. ಒಂದು ಸ್ಟೇಜು ಹೋಗುವ ಗಾರೆ ಕೆಲಸದವರು ಆರು ಕೊಡುತ್ತಾರೆ, ಇಡೀ ದಿನ ನಿಲ್ಲುವ ಕಾರು ಮೂರು ಕೊಡಲು ಮುನಿಸಿಕೊಳ್ಳುತ್ತದೆ.

‘ರೋಡ್ ಟ್ಯಾಕ್ಸ್ ಕಟ್ಟಿದ್ದೇವಲ್ಲ’ ಎನ್ನುವವರಿದ್ದಾರೆ. ಕಟ್ಟಿದ್ದೀರಿ, ಕರ್ನಾಟಕದಲ್ಲಿ ಅದೇನು ಸಣ್ಣ ಮೊತ್ತವೂ ಅಲ್ಲ: ಕಾರಿನ ಬೆಲೆಗೆ ತಕ್ಕಂತೆ ಶೇ 13ರಿಂದ 18ರವರೆಗೆ ಜೀವಾವಧಿ ತೆರಿಗೆ. ಆದರೆ ಅದು ರಾಜ್ಯದ ಖಜಾನೆಗೆ ಹೋಗುತ್ತದೆ, ಓಡಿಸುವ ಹಕ್ಕಿಗೆ. ಮನೆ ಮುಂದಿನ ನೆಲ ಪಾಲಿಕೆಯದು, ಅಲ್ಲಿ ನಿಲ್ಲಿಸಿದ್ದಕ್ಕೆ ಪಾಲಿಕೆಗೆ ಬಿಡಿಗಾಸೂ ಬಂದಿಲ್ಲ.

ಪುಕ್ಕಟೆ ಪಾರ್ಕಿಂಗಿನ ನಿಜವಾದ ಬೆಲೆಯನ್ನು ಕಾರಿಲ್ಲದವರೂ ತೆರುತ್ತಾರೆ ಎಂದು ವಾದಿಸುತ್ತ ಬಂದವರು ಅಮೆರಿಕದ ಪ್ರಾಧ್ಯಾಪಕ ಡೊನಾಲ್ಡ್ ಶೂಪ್, 2025ರಲ್ಲಿ ತೀರಿಕೊಂಡರು. ವಸೂಲಾದ ದುಡ್ಡು ಅದೇ ಬೀದಿಗೆ ಮರಳಬೇಕು ಎಂಬುದು ಅವರ ಇನ್ನೊಂದು ಮಾತು. ಕ್ಯಾಲಿಫೋರ್ನಿಯಾದ ಪಾಸಡೀನಾದಲ್ಲಿ 1993ರಲ್ಲಿ ಪಾರ್ಕಿಂಗ್ ಮೀಟರ್ ಹಾಕುವಾಗ ಅಂಗಡಿಯವರು ವಿರೋಧಿಸಿದರು. ಆ ದುಡ್ಡಿನಲ್ಲೇ ಅವರ ಬೀದಿಯ ಫುಟ್‌ಪಾತು, ದೀಪ, ಮರಗಳನ್ನು ನೋಡಿಕೊಳ್ಳುತ್ತೇವೆ ಎಂದ ಮೇಲೆ ಒಪ್ಪಿದರು. ಜಪಾನ್ ಇನ್ನೂ ಕಟ್ಟುನಿಟ್ಟು. 1962ರ ಕಾನೂನಿನ ಪ್ರಕಾರ ಅಲ್ಲಿನ ನಗರಗಳಲ್ಲಿ ಕಾರು ಕೊಳ್ಳುವವರು ಅದನ್ನು ನಿಲ್ಲಿಸಲು ಜಾಗವಿದೆ ಎಂದು ಪೊಲೀಸರ ಪ್ರಮಾಣಪತ್ರ ತರಬೇಕು. ಟೋಕಿಯೊದ ಗಲ್ಲಿಗಳು ನಮ್ಮ ಗಲ್ಲಿಗಳಷ್ಟೇ ಕಿರಿದು. ಮಕ್ಕಳು ಅಲ್ಲಿ ತಾವೇ ನಡೆದು ಶಾಲೆಗೆ ಹೋಗುತ್ತಾರೆ.

ನನ್ನ ತಕರಾರು ಇರುವುದು ದರದ ಮೇಲೆ. 1,000 ರೂಪಾಯಿ ತಮಾಷೆಯಂತಿದೆ. ಆದರೂ ಅಲ್ಲಿಂದಲೇ ಶುರುವಾಗಲಿ. ಸೊನ್ನೆಯಿಂದ ಒಂದಕ್ಕೆ ಏರುವುದೇ ಕಷ್ಟದ ಮೆಟ್ಟಿಲು. ಒಮ್ಮೆ ದುಡ್ಡು ಕೊಡಬೇಕು ಎಂದಾದರೆ ಎರಡನೆಯ ಕಾರು ಕೊಳ್ಳುವ ಮುನ್ನ ಮನೆಯಲ್ಲಿ ಒಂದು ಮಾತು ನಡೆಯುತ್ತದೆ, ಓಡದೆ ಕವರ್ ಹೊದ್ದು ಧೂಳು ತಿನ್ನುತ್ತಿರುವ ಹಳೇ ಮಾರುತಿ ಗುಜರಿಗೆ ಹೋಗುತ್ತದೆ.

ವಿರೋಧ

ಮೇಲಿನ ಲೆಕ್ಕದಲ್ಲಿ ಒಂದು ಸೆಂಟಿಮೀಟರನ್ನೂ ನಾನು ಅಲ್ಲಗಳೆಯುವುದಿಲ್ಲ. ಅದನ್ನೇ ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯುತ್ತೇನೆ. ಮೂವತ್ತಡಿ ರಸ್ತೆಯಲ್ಲಿ ಎರಡು ಫುಟ್‌ಪಾತ್ ಕಳೆದು ಐದೂವರೆ ಮೀಟರ್ ಉಳಿದರೆ, ಆಂಬುಲೆನ್ಸಿಗೂ ಕಸದ ಗಾಡಿಗೂ ಮೂರೂವರೆ ಬಿಟ್ಟು, ಕಾರಿಗೆ ಸಿಗುವುದು ಒಂದೇ ಸಾಲು. ಈಗ ನಿಂತಿರುವುದು ಎರಡು ಸಾಲು. ಹಾಗಾದರೆ ಪರ್ಮಿಟ್ ಯಾವ ಜಾಗಕ್ಕೆ ಕೊಡುತ್ತೀರಿ? ಕೇಳಿದವರಿಗೆಲ್ಲ ಕೊಟ್ಟರೆ ಇನ್ನೂ ಹುಟ್ಟದ ಫುಟ್‌ಪಾತನ್ನು ವರ್ಷಕ್ಕೆ 1,000 ರೂಪಾಯಿಗೆ ಭೋಗ್ಯಕ್ಕೆ ಹಾಕಿದಂತೆ.

ನಮ್ಮೂರಿನಲ್ಲಿ ರಸೀದಿಗೆ ಇರುವ ಬೆಲೆ ಗೊತ್ತಿಲ್ಲದವರು ಮಾತ್ರ ಇದನ್ನು ಬರಿಯ ಶುಲ್ಕ ಎಂದಾರು. ಬಿ ಖಾತೆಯ ಕಥೆ ನೋಡಿ. ಅಕ್ರಮ ನಿವೇಶನಗಳಿಂದಲೂ ತೆರಿಗೆ ಬರಲಿ ಎಂದು ಪಾಲಿಕೆ ಬೇರೆಯೊಂದು ಪುಸ್ತಕದಲ್ಲಿ ಹೆಸರು ಬರೆದುಕೊಂಡಿತು. ಇದರಿಂದ ಒಡೆತನ ಸಾಬೀತಾಗದು ಎಂದೂ ಹೇಳಿತು. ಜನ ಆ ಕಾಗದ ಹಿಡಿದು ಕೊಂಡರು, ಮಾರಿದರು, ಮೇಲೆ ಮಹಡಿ ಕಟ್ಟಿದರು. 2025ರಲ್ಲಿ ಸರ್ಕಾರವೇ ಬಿ ಖಾತೆಯನ್ನು ಎ ಖಾತೆಗೆ ಬದಲಿಸುವ ಯೋಜನೆ ತಂದಿತು. ಅವರ ಕಷ್ಟ ನನಗೆ ಗೊತ್ತು, ಆ ಜಗಳಕ್ಕೆ ಹೋಗುವುದಿಲ್ಲ. ಇಲ್ಲಿ ದುಡ್ಡು ಕಟ್ಟಿದ್ದು ಹಕ್ಕಾಗಿ ಬೆಳೆಯುತ್ತದೆ ಅಂತಷ್ಟೇ ಹೇಳುತ್ತಿದ್ದೇನೆ. ಇವತ್ತು ಮನೆ ಮುಂದೆ ಕಾರು ನಿಲ್ಲಿಸುವವರಿಗೆ ಒಳಗೊಳಗೇ ಒಂದು ಅಳುಕಿದೆ, ಜಾಗ ತಮ್ಮದಲ್ಲ ಎಂದು ಗೊತ್ತಿದೆ. ಅದಕ್ಕೇ ಹೂಕುಂಡ, ಸಿಮೆಂಟ್ ಕಲ್ಲು, ಕೈಬರಹದ ‘ನೋ ಪಾರ್ಕಿಂಗ್’ ಬೋರ್ಡು. ನಾಳೆ ಗಾಜಿಗೆ ಅಂಟಿಸಲು ಪಾಲಿಕೆಯ ಸ್ಟಿಕರ್ ಕೊಟ್ಟರೆ ಆ ಅಳುಕೂ ಹೋಗುತ್ತದೆ. ಐದು ವರ್ಷದ ಮೇಲೆ ಅಲ್ಲಿ ಫುಟ್‌ಪಾತ್ ಕಟ್ಟಲು ಹೋದ ಎಂಜಿನಿಯರ್ ಎದುರಿಗೆ ರಸೀದಿ ಹಿಡಿದು ನಿಲ್ಲುತ್ತಾರೆ, ಆಮೇಲೆ ತಡೆಯಾಜ್ಞೆ ತರುತ್ತಾರೆ.

ನಡೆಯುವ ದಾರಿ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ. ಅಂಥ ಜಾಗವನ್ನು ದಿನಕ್ಕೆ ಮೂರು ರೂಪಾಯಿ ಪಡೆದು ಬಿಟ್ಟುಕೊಡುವ ಅಧಿಕಾರ ಪಾಲಿಕೆಗೆ ಹೇಗೆ ಬಂತು?

ಜಪಾನಿನ ಉದಾಹರಣೆ ಕೊಟ್ಟಿದ್ದಾರೆ. ಅದು ನನ್ನ ಪಕ್ಷದ ಸಾಕ್ಷಿ! ಜಪಾನಿನವರು ರಾತ್ರಿಯಿಡೀ ಬೀದಿಯಲ್ಲಿ ಕಾರು ಬಿಡಲು ಚೀಟಿ ಮಾರುವುದಿಲ್ಲ, ಬಿಡುವುದೇ ಬೇಡ ಎನ್ನುತ್ತಾರೆ. ಜಾಗ ತೋರಿಸು, ಆಮೇಲೆ ಕಾರು ಕೊಳ್ಳು. ಆ ನಿಯಮ ಬಂದಾಗ ಟೋಕಿಯೊದಲ್ಲಿ ರೈಲಿತ್ತು. ನಮ್ಮ ಮೆಟ್ರೊದ ಮೊದಲ ತುಂಡು ಓಡಿದ್ದು 2011ರ ಅಕ್ಟೋಬರಿನಲ್ಲಿ, ಅಷ್ಟು ಹೊತ್ತಿಗೆ ಬೆಂಗಳೂರಿನವರು ವಾಹನ ಕೊಂಡಾಗಿತ್ತು.

ಯಾರು ಕಟ್ಟುತ್ತಾರೆ ಎಂಬುದನ್ನೂ ನೋಡಬೇಕು. ಅರವತ್ತು-ನಲವತ್ತರ ಸೈಟಿನಲ್ಲಿ ಮನೆ ಕಟ್ಟಿಕೊಂಡವರ ಮೂರು ಕಾರು ಗೇಟಿನ ಒಳಗಿವೆ, ಅವರಿಗೆ ಸೊನ್ನೆ. ನಕ್ಷೆಯಲ್ಲಿ ಪಾರ್ಕಿಂಗ್ ತೋರಿಸಿ ಮಂಜೂರಾತಿ ಪಡೆದು, ಆಮೇಲೆ ಅಲ್ಲಿ ಶಟರ್ ಎಳೆದು ಅಂಗಡಿಗೋ ಪೇಯಿಂಗ್ ಗೆಸ್ಟಿಗೋ ಕೊಟ್ಟವರು ತಿಂಗಳ ಬಾಡಿಗೆ ಎಣಿಸುತ್ತ ಕಾರನ್ನು ಬೀದಿಗೆ ತಂದಿದ್ದಾರೆ. ಅವರಿಗೆ ವರ್ಷಕ್ಕೆ 1,000 ಎಂದರೆ ಇಷ್ಟು ಅಗ್ಗದ ಸಕ್ರಮ ಎಲ್ಲೂ ಸಿಗದು. ನಿಜವಾಗಿ ಪೆಟ್ಟು ಬೀಳುವುದು ಬಾಡಿಗೆ ರೂಮಿನಲ್ಲಿರುವ ಹಳದಿ ಬೋರ್ಡಿನ ಡ್ರೈವರಿಗೆ. ಮಂಡ್ಯದಿಂದಲೋ ಹಾಸನದಿಂದಲೋ ಬಂದು ಸಾಲದ ಕಾರು ಓಡಿಸುವ ಇಂಥವರು ಈ ನಗರದಲ್ಲಿ ಎಷ್ಟೋ ಮಂದಿ. ಮನೆಯ ಒಡೆಯರಿಗೇ ಪರ್ಮಿಟ್ ಮೊದಲು ಎಂದಾದರೆ ರಾತ್ರಿ ಹನ್ನೊಂದಕ್ಕೆ ಬಂದ ಬಾಡಿಗೆದಾರನ ಕಾರಿಗೆ ಜಾಗವೇ ಇರದು. ನಕ್ಷೆ ಉಲ್ಲಂಘಿಸಿದ ಆ ಶಟರುಗಳನ್ನು ಮೊದಲು ತೆರೆಸಲಿ. ಎಷ್ಟು ಕಾರು ಒಳಗೆ ಹೋಗುತ್ತವೆ ನೋಡೋಣ.

ಇನ್ನು ವೇಗ. ಇದನ್ನು ಪರವಾದಿಗಳು ಯಾಕೋ ಮುಟ್ಟಲಿಲ್ಲ. ನಿಂತ ಕಾರುಗಳು ಮಕ್ಕಳನ್ನು ಮರೆಮಾಡುತ್ತವೆ, ಒಪ್ಪಿದೆ. ಅವೇ ರಸ್ತೆಯನ್ನು ಕಿರಿದಾಗಿಸಿ ವೇಗವನ್ನೂ ಹಿಡಿದಿಟ್ಟಿವೆ. ಶುಲ್ಕಕ್ಕೆ ಹೆದರಿ ಅರ್ಧ ಕಾರು ಖಾಲಿಯಾಗಿ, ಆ ಜಾಗದಲ್ಲಿ ಫುಟ್‌ಪಾತ್ ಬರದಿದ್ದರೆ, ಮುಖ್ಯರಸ್ತೆಯ ಸಿಗ್ನಲ್ ತಪ್ಪಿಸಿಕೊಳ್ಳುವ ಬೈಕುಗಳಿಗೆ ಅಗಲವಾದ ಒಳದಾರಿ ಸಿಕ್ಕಿತು, ಅಷ್ಟೇ. ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳು ಕೋಟಿ ದಾಟಿವೆ, ಮೂರರಲ್ಲಿ ಎರಡು ಪಾಲು ದ್ವಿಚಕ್ರ. ಈಗ ಹಂಪು ಹಾರಿಸುವ ಡೆಲಿವರಿ ಹುಡುಗರಿಗೆ ಆಗ ಹಂಪೂ ಅಡ್ಡಬರದು.

ಜಾರಿ ಮಾಡುವವರು ಯಾರು? ಟೋಯಿಂಗ್ ವಾಹನಗಳ ದೌರ್ಜನ್ಯದ ದೂರು ಹೆಚ್ಚಿ 2022ರ ಫೆಬ್ರುವರಿಯಲ್ಲಿ ಸರ್ಕಾರವೇ ಅದನ್ನು ನಿಲ್ಲಿಸಬೇಕಾಯಿತು. ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದು ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ, 2025ರಲ್ಲಿ ಒಂದು ಪಾಲಿಕೆ ಐದಾಯಿತು. ಪಾಸಡೀನಾದಲ್ಲಿ ದುಡ್ಡು ಬೀದಿಗೆ ಮರಳಿತು ಎಂದರೆ, ಮರಳಿಸಿಕೊಳ್ಳಲು ಕೇಳುವವರಿದ್ದರು. ನಮ್ಮ ಬೀದಿಯ ದುಡ್ಡು ಯಾವ ಮೇಲ್ಸೇತುವೆಯ ಕಂಬಕ್ಕೆ ಹೋಯಿತೆಂದು ನಾನು ಯಾರನ್ನು ಕೇಳಲಿ? ಜಯನಗರದ ಸೈಕಲ್ ಪಥವನ್ನು ನೆನಪಿಸಿಕೊಳ್ಳಿ. 2010ರ ದಶಕದ ಆರಂಭದಲ್ಲಿ ಗೆರೆ ಎಳೆದು ಸೈಕಲ್ ಚಿತ್ರ ಬರೆದರು. ಗೆರೆಯ ಒಳಗೆ ನೀಟಾಗಿ ಕಾರು ನಿಂತವು.

ಗೆರೆಗೂ ರಸೀದಿಗೂ ಕಾರು ಹೆದರುವುದಿಲ್ಲ, ಕಲ್ಲಿಗೆ ಹೆದರುತ್ತದೆ. ಟೆಂಡರ್‌ಶ್ಯೂರ್ ಯೋಜನೆಯಲ್ಲಿ ವಿಟ್ಠಲ ಮಲ್ಯ ರಸ್ತೆ, ರೆಸಿಡೆನ್ಸಿ ರಸ್ತೆಗಳನ್ನು ಮಾಡಿದಾಗ ಮೊದಲು ಅಗಲವಾದ ಫುಟ್‌ಪಾತ್ ಕಟ್ಟಿದರು, ಉಳಿದ ಜಾಗದಲ್ಲಿ ವಾಹನ ಎಂದರು. ರಸ್ತೆ ಚಿಕ್ಕದಾಯಿತೆಂದು ಆಗ ಎಷ್ಟು ಗಲಾಟೆ! ಇವತ್ತು ಅಲ್ಲಿ ವೀಲ್‌ಚೇರ್ ತಳ್ಳಿಕೊಂಡು ಹೋಗಬಹುದು. ಆ ಭಾಗ್ಯ ಸಿಕ್ಕಿದ್ದು ನಗರದ ನಡುಮಧ್ಯದ ಬೀದಿಗಳಿಗೆ, ಮೂಡಲಪಾಳ್ಯಕ್ಕೋ ಕೆ.ಆರ್. ಪುರಕ್ಕೋ ಬರಲಿಲ್ಲ. ಐದು ಪಾಲಿಕೆಗಳೂ ತಲಾ ಒಂದು ವಾರ್ಡು ಆರಿಸಿಕೊಂಡು, ಮುಂದಿನ ಸಲ ಡಾಂಬರು ಹಾಕುವ ಮುನ್ನ ಎರಡೂ ಬದಿಗೆ 1.8 ಮೀಟರ್ ಅಗಲದ, ಎತ್ತರಿಸಿದ ಫುಟ್‌ಪಾತ್ ಕಟ್ಟಲಿ, ಬೈಕು ಏರದಂತೆ ಕಲ್ಲುಗೂಟ ನೆಡಲಿ, ಬಸ್ಸು ತಿರುಗುವ ಮೂಲೆಗಳನ್ನು ಖಾಲಿ ಬಿಡಿಸಲಿ. ಆಮೇಲೆ ಒಂದು ಸಾಲು ಕಾರಿಗೆ ಜಾಗ ಉಳಿದರೆ ಅದಕ್ಕೆ ವರ್ಷಕ್ಕೆ 1,000 ಯಾಕೆ, 10,000 ಕೇಳಿದರೂ ನನ್ನ ತಕರಾರಿಲ್ಲ. ಹಳದಿ ಬೋರ್ಡಿನವರಿಗೆ ಮಾತ್ರ ರಿಯಾಯಿತಿ ಇರಲಿ.